ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆವು, ಮೇಷ್ಟ್ರೇ

ಮೇಷ್ಟ್ರೇ,

ನಮ್ಮೂರ ಶಾಲೆಗೆ ಇಬ್ಬರು ಕಾಯಂ ಶಿಕ್ಷಕರನ್ನು ಕೊಡುತ್ತೇವೆ ಅಂದರು. ಕೊಡಲಿಲ್ಲ. ಇದ್ದ ಒಬ್ಬರನ್ನೂ ವಾರದಲ್ಲಿ ಮೂರು ದಿನ ಪಕ್ಕದೂರಿಗೆ ಹಂಚಿದರು. ಸೋರುವ ಕೊಠಡಿಗೆ ಹೊಸ ಹೆಂಚು ಅಂದರು. ಹೆಂಚು ಬರಲಿಲ್ಲ, ಅಳತೆ ಹಿಡಿಯುವವರು ಮಾತ್ರ ಮೂರು ಸಲ ಬಂದು ಟೀ ಕುಡಿದು ಹೋದರು. ಅತಿಥಿ ಶಿಕ್ಷಕಿಯ ಹುದ್ದೆ ಅಂದರು. ಅದೂ ಇಲ್ಲ. ಮಕ್ಕಳನ್ನು ಯಾವ ಶಾಲೆಗೆ ಬೇಕಾದರೂ ಕಳಿಸಿ, ಆರಿಸಿಕೊಳ್ಳುವ ಹಕ್ಕು ತಂದೆತಾಯಿಯದು ಅಂದರು. ಆರಿಸುವ ಮೊದಲು ಒಳಗೆ ಹೋಗಿ ನೋಡುವ ಹಕ್ಕನ್ನು ಯಾರೂ ಕೊಡಲಿಲ್ಲ. ಕೊನೆಯದು ನಿಮ್ಮ ಮೇಲಿನ ದೂರು: ಗಣರಾಜ್ಯ ದಿನಕ್ಕೆ ಊರಿಗೆ ಬಂದು, ಬಾವುಟದ ಕೆಳಗೇ ನಿಂತು ನಮ್ಮ ಜಗಳ ಮುಗಿಸ್ತೀನಿ ಅಂದಿದ್ದಿರಿ. ಬರಲಿಲ್ಲ. ಎದೆನೋವು ಅಂತ ನಿಮ್ಮ ಮಲ್ಲಿಪಟ್ಟಣದಿಂದ ಫೋನು ಬಂತು, ಮಣ್ಣಿಗೆ ಬನ್ನಿ ಅಂದರು, ಅಷ್ಟೇ.

ಕರಪತ್ರ ಬರೆಯುವುದನ್ನು ಕಲಿಸಿದ್ದು ನೀವೇ ಅಲ್ಲವಾ? ನಾನಿನ್ನೂ ಹುಡುಗಿ, ಕೇರಿಗೆ ನೀರಿನ ನಲ್ಲಿ ಬೇಕು ಅಂತ ಎರಡು ಪುಟ ಕಣ್ಣೀರು ಸುರಿಸಿ ಬರೆದು ತಂದಿದ್ದೆ. ನೀವು ಓದಿ ಹರಿದು ಹಾಕಿದಿರಿ. "ಸಿದ್ದಮ್ಮಾ, ಮೊದಲ್ನೇ ಸಾಲಲ್ಲಿ ಏನು ಕೊಡ್ತೀವಿ ಅಂದ್ರು, ಏನು ಕೊಡ್ನಿಲ್ಲ ಅಂತ ಬರಿ. ಕೊನೇ ಸಾಲಲ್ಲಿ ದಿನ, ಗಂಟೆ, ಜಾಗ ಬರಿ. ನಡುವೆ ಎಷ್ಟು ಬೇಕಾದ್ರೂ ಬೈಕೋ, ಅದು ನಿನ್ನ ಸಂತೋಷ" ಅಂದಿರಿ. ಈ ಪತ್ರವನ್ನೂ ಹಾಗೇ ಬರೆಯುತ್ತಿದ್ದೇನೆ. ಹೇಳುವುದು ಎಷ್ಟಿದೆ ಅಂದರೆ ಕೈ ನಿಲ್ಲುತ್ತಿಲ್ಲ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನೀವು ಕ್ಷಮಿಸಿದವರೇ ಅಲ್ಲ, ಇರಲಿ.

ಆ ಜಗಳ ನೆನಪಿದೆಯಾ? ಹಾಸನದಲ್ಲಿ ಅತಿಥಿ ಶಿಕ್ಷಕರ ಧರಣಿ ಮುಗಿಸಿ ಇಬ್ಬರೂ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದೆವು. ನಿಮಗೆ ಅರಕಲಗೂಡಿನ ಬಸ್ಸು, ನನಗೆ ಹಳೇಕೋಟೆಯದು. ನಡುವೆ ಒಂದು ಟೀ. ನಾನು ಅಂದೆ, ಒಳ್ಳೆಯ ಮೇಷ್ಟ್ರಿಗೆ ಹೆಚ್ಚು ಸಂಬಳ ಕೊಡಬೇಕು, ಕುರ್ಚಿಯಲ್ಲಿ ಗೊರಕೆ ಹೊಡೆಯುವವನಿಗೂ ಗಂಟಲು ಹರಿಯುವ ಹಾಗೆ ಪಾಠ ಮಾಡುವವಳಿಗೂ ಒಂದೇ ಅಂದರೆ ಅದೆಂಥ ನ್ಯಾಯ? ನೀವು ಕೆಂಡವಾದಿರಿ. "ಒಳ್ಳೆಯವನು ಅಂತ ಅಳೆಯೋನು ಯಾರವ್ವಾ? ಸಾಹೇಬ. ಸಾಹೇಬನ ಮಗಳ ಮದುವೇಲಿ ಓಡಾಡಿ ಬಡಿಸ್ದೋನೇ ಒಳ್ಳೆ ಮೇಷ್ಟ್ರು ಆಗ್ಬುಡ್ತಾನೆ. ನಲವತ್ತು ವರ್ಷ ಸಂಘ ಕಟ್ಟಿದ್ದು ಇದಕ್ಕಾ?" ಅಂದಿರಿ. ಹಾಗಾದರೆ ಅಳೆಯುವುದೇ ಬೇಡವಾ, ಮಕ್ಕಳ ಗತಿ ಏನು ಅಂದೆ. ಉತ್ತರ ಬರುವಷ್ಟರಲ್ಲಿ ಅರಕಲಗೂಡಿನ ಬಸ್ಸು ಹೊರಟಿತು. ಅರ್ಧ ಟೀ ಬಿಟ್ಟು ಓಡಿದಿರಿ. ಫುಟ್‌ಬೋರ್ಡಿನ ಮೇಲಿಂದ ಏನೋ ಕೂಗಿದಿರಿ, ಕೇಳಿಸಲಿಲ್ಲ...

ನೀವು ಹೋದ ಮೇಲೆ ಊರಿಗೆ ಹಳದಿ ವ್ಯಾನು ಬಂತು. ಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿನದು. ಮೊದಲು ಮೇಲಿನ ಬೀದಿಯ ಎರಡು ಮಕ್ಕಳು ಹತ್ತಿದವು, ಆಮೇಲೆ ನಾಲ್ಕು, ಆಮೇಲೆ ಹನ್ನೊಂದು. ನಿಮ್ಮ ಶಾಲೆಯಲ್ಲಿ ಉಳಿದದ್ದು ಏಳು. ಏಳೂ ನಮ್ಮ ಕೇರಿಯವು. ಆಯ್ಕೆ ಆಯ್ಕೆ ಅಂತ ಭಾಷಣ ಮಾಡುವವರನ್ನು ಒಂದು ದಿನ ತಂದು ಆ ಕೊಠಡಿಯಲ್ಲಿ ಕೂರಿಸಬೇಕಿತ್ತು. ದುಡ್ಡಿದ್ದವರು ಆರಿಸಿಕೊಂಡು ಹೋದರು, ಇಲ್ಲದವರು ಸೋರುವ ಹೆಂಚಿನ ಕೆಳಗೆ ಉಳಿದರು, ಬಾಯಿಪಾಠ ಹೇಳುವುದಕ್ಕೆ ನೀವು ಬರೆಸಿದ 'ಸಮಾನತೆ' ಅನ್ನುವ ಪದ್ಯ ಮಾತ್ರ ಗೋಡೆಯ ಮೇಲಿತ್ತು. ಈ ಮೇ ತಿಂಗಳಲ್ಲಿ ಇಲಾಖೆಯ ಕಾಗದ ಬಂತು: ಜೂನ್ ಮುಗಿಯುವುದರೊಳಗೆ ಹತ್ತು ಮಕ್ಕಳಾಗದಿದ್ದರೆ ಶಾಲೆಯನ್ನು ನಾಲೆಯಾಚೆಯ ಊರಿನ ಶಾಲೆಗೆ ಸೇರಿಸುತ್ತಾರೆ. ಒಂದನೇ ಕ್ಲಾಸಿನ ಕೂಸು ನಾಲೆ ಏರಿಯ ಮೇಲೆ ಒಂದೇ ನಡೆದು ಹೋಗಬೇಕು. ಹೋಗುತ್ತದಾ ಮೇಷ್ಟ್ರೇ? ಮನೆಯಲ್ಲಿ ಉಳಿಯುತ್ತದೆ. ನಿಮಗೂ ಗೊತ್ತು, ಕಾಗದ ಬರೆದವನಿಗೂ ಗೊತ್ತು.

ಅರಳಿಕಟ್ಟೆಯ ಮೇಲೆ ಸಭೆ ಕರೆದೆ. ಬಂದವರು ಬಂದರು. ರಂಗಪ್ಪ ಬೀಡಿ ಹಚ್ಚಿಕೊಂಡು ಬಂದ. ಅದೇ ರಂಗಪ್ಪ, ನಿಮ್ಮ ಕೈಯಲ್ಲಿ ದಿನಕ್ಕೆ ಮೂರು ಸಲ ಕಿವಿ ಹಿಂಡಿಸಿಕೊಳ್ಳುತ್ತಿದ್ದವನು. ಈಗ ಅವನ ಮಗಳು ಐದನೇ ಕ್ಲಾಸು, ಮಗ ಮೂರು, ಇಬ್ಬರೂ ವ್ಯಾನಿನಲ್ಲಿ.

"ಏನಮ್ಮಾ ಹೋರಾಟಗಾರ್ತಿ, ನಮ್ ಮಕ್ಕಳ್ನ ಎಲ್ಲಿಗ್ ಕಳಿಸ್ಬೇಕು ಅಂತ ನೀನ್ ಏಳ್ತೀಯಾ? ನಮ್ ಸ್ಕೂಲಲ್ಲಿ ಮಿಸ್ಸು ಬೆಂಗ್ಳೂರ್ ಕಡೆಯೋರು. ಇಲ್ಲೇನೈತೆ? ಬೀಗ ಐತೆ."

"ರಂಗಪ್ಪಣ್ಣ, ನಿನ್ನೆ ಹಾಸನದ ಮಂಡೀಲಿ ಬಿತ್ತನೆ ಆಲೂಗಡ್ಡೆ ತಂದ್ಯಲ್ಲಾ, ಚೀಲ ನೋಡಿ ತಂದ್ಯಾ?"

"ಚೀಲ ನೋಡಿ ತರಾಕೆ ನಾನೇನು ದಡ್ನಾ? ಚೀಲ ಬಿಚ್ಚಿ, ನಾಲ್ಕು ಗೆಡ್ಡೆ ಕುಯ್ದು, ಮೂಸಿ ನೋಡಿ ತಂದೆ."

"ಮಿಸ್ಸನ್ನ ನೋಡಿದ್ದೀಯಾ?"

ಬೀಡಿ ಬಾಯಲ್ಲೇ ಉಳಿಯಿತು. "ಗೇಟ್ ನೋಡಿದ್ದೀನಿ" ಅಂದ. ಕಟ್ಟೆಯೆಲ್ಲ ನಕ್ಕಿತು. ಹಿಂದಿನಿಂದ ಅವನ ಹೆಂಡತಿ ಜಯಮ್ಮ, "ಗೇಟ್ಗೇ ಅಲ್ವಾ ನಾವು ಫೀಸ್ ಕಟ್ಟಿರೋದು, ಬಣ್ಣ ಚೆನ್ನಾಗೈತೆ" ಅಂದಳು. ಅಲ್ಲೇ ತೀರ್ಮಾನ ಆಯಿತು. ಎಲ್ಲರೂ ಹೋಗುವುದು, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವುದು, ಆಮೇಲೆ ಆರಿಸುವುದು. ನಮ್ಮ ಸರ್ಕಾರಿ ಶಾಲೆಗೂ ಅದೇ ನಿಯಮ ಅಂತ ರಂಗಪ್ಪ ಪಟ್ಟು ಹಿಡಿದ. ಹೂಂ ಅಂದೆ. ಹಿಡಿಯಲಿ ಬಿಡಿ, ನ್ಯಾಯವೇ ಅಲ್ಲವಾ?

ಸೋಮವಾರ ಟೆಂಪೋದಲ್ಲಿ ಹೋದೆವು. ಗೇಟಿನವನು ತಡೆದ. "ಪೇರೆಂಟ್ಸ್ ಮೀಟಿಂಗ್ ದಿನ ಬನ್ನಿ." "ಫೀಸ್ ಕಟ್ಟೋ ದಿನ ಸರಕ್ಕಂತ ತೆರ್ಕೊಂಡಿದ್ ಗೇಟು ಇವತ್ತೇನ್ ತುಕ್ಕು ಹಿಡೀತಾ?" ಅಂದ ರಂಗಪ್ಪ. ನಾನು ಟವೆಲ್ ಹಾಸಿ ಗೇಟಿನ ಮುಂದೆ ಕೂತೆ. ಜಯಮ್ಮ ಕೂತಳು. ಹದಿನಾಲ್ಕು ಜನ ಕೂತೆವು. ಜೀವನವೆಲ್ಲ ಧರಣಿಯನ್ನು ಬೈದುಕೊಂಡೇ ಬಂದ ರಂಗಪ್ಪ ಪಂಚೆ ಸರಿಮಾಡಿಕೊಂಡು ನನ್ನ ಪಕ್ಕ ಕೂತು, "ಇನ್ನೇನ್ ಕೂಗ್ಬೇಕು, ಏಳ್ಕೊಡು" ಅಂದ! ನೀವಿದ್ದಿದ್ದರೆ... ಸರಿ. ಅರ್ಧ ಗಂಟೆಗೆ ಸೆಕ್ರೆಟ್ರಿ ಬಂದರು. ರಸ್ತೆಯಲ್ಲಿ ಜನ ಸೇರುವುದು ನೋಡಿ, ಒಂದೇ ಕ್ಲಾಸು, ಒಂದೇ ಪೀರಿಯಡ್ಡು ಅಂತ ಒಳಗೆ ಬಿಟ್ಟರು.

ಐದನೇ ಕ್ಲಾಸಿಗೆ ಹೋದೆವು. ಬೋರ್ಡಿನ ಮುಂದೆ ಯಾರಿದ್ದರು ಅಂದುಕೊಂಡಿರಿ? ಯಶೋದ! ನಮ್ಮ ಯಶೋದ, ಕೆಳಗಿನ ಬೀದಿಯ ಕೊನೆ ಮನೆಯವಳು, ಡಿ.ಎಡ್. ಅರ್ಜಿಯನ್ನು ನೀವೇ ನಿಮ್ಮ ಪೆನ್ನಿನಲ್ಲಿ ತುಂಬಿಕೊಟ್ಟಿದ್ದಿರಲ್ಲ, ಅವಳು. ದಿನಾ ಬೆಳಿಗ್ಗೆ ಅದೇ ವ್ಯಾನಿನಲ್ಲಿ, ಮುಂದಿನ ಸೀಟಿನಲ್ಲಿ, ತೊಡೆಯ ಮೇಲೊಂದು ಮಗು ಕೂರಿಸಿಕೊಂಡು ಹೋಗುತ್ತಿದ್ದಳು. ಮಕ್ಕಳನ್ನು ಹತ್ತಿಸುತ್ತಿದ್ದಳು, ಇಳಿಸುತ್ತಿದ್ದಳು, ಮೂಗು ಒರೆಸುತ್ತಿದ್ದಳು. ವ್ಯಾನಿನ ಆಯಾ ಅಂದುಕೊಂಡಿದ್ದೆವು. ಇಡೀ ಊರು. ನಾನೂ. ರಂಗಪ್ಪನ ಮಗಳು ವರ್ಷದಿಂದ ಹೇಳುತ್ತಲೇ ಇದ್ದಳಂತೆ, "ಅಪ್ಪಾ, ಯಶೋದಕ್ಕನೇ ನಮ್ ಮಿಸ್ಸು" ಅಂತ. ಇವನು, "ಸುಮ್ಕಿರಮ್ಮಿ, ಅವ್ಳು ಆಯಾ" ಅಂತಿದ್ದನಂತೆ. ಬಾಯಿ ಬಿಡಬೇಡ, ನಿಮ್ಮೂರಿನವಳೇ ಅಂತ ಗೊತ್ತಾದರೆ ಫೀಸು ಕೊಡಲ್ಲ ಅಂತ ಅವಳಿಗೆ ಸೆಕ್ರೆಟ್ರಿ ಹೇಳಿದ್ದರಂತೆ. ನೋಡಿ ನಮ್ಮ ಆಯ್ಕೆಯನ್ನು! ಊರಿನ ಮಕ್ಕಳು, ಊರಿನ ಟೀಚರು, ಒಂದೇ ವ್ಯಾನು ಹತ್ತಿ, ಟೀಚರು ಸಾಲದ ಊರಿನ ಶಾಲೆಯ ಮುಂದೆಯೇ ಹಾದು, ಪಟ್ಟಣಕ್ಕೆ ಹೋಗಿ ಅಲ್ಲಿ ಭೇಟಿಯಾಗುತ್ತಿದ್ದರು.

ಅವಳು ನಮ್ಮನ್ನು ನೋಡಿ ಬೆವರಿದಳು. ಭಿನ್ನರಾಶಿಯ ಪಾಠ, ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿದಳು. ಮಕ್ಕಳ ಮುಖ ನೋಡಿದಳು. ಚಾಕ್‌ಪೀಸು ಕೆಳಗಿಟ್ಟು ತನ್ನ ಊಟದ ಡಬ್ಬಿ ತೆಗೆದಳು. ಒಳಗೆ ರಾಗಿ ಮುದ್ದೆ. ಹೊಲಿಗೆಯ ದಾರದಲ್ಲಿ ಅದನ್ನು ನಾಲ್ಕು ಪಾಲು ಕುಯ್ದಳು. "ಗೊತ್ತಾಗದಿದ್ರೆ ತಲೆ ಆಡಿಸ್ಬೇಡಿ, ಕೈ ಎತ್ತಿ" ಅಂದಳು. ಮೇಷ್ಟ್ರೇ, ಆ ಮಾತು ಯಾರದು? ಆ ದಾರ ಯಾರದು? ನೀವು ಹಸಿಮಣ್ಣಿನ ಉಂಡೆಯಲ್ಲಿ ಮಾಡುತ್ತಿದ್ದಿರಿ, ಇವಳು ತನ್ನ ಮಧ್ಯಾಹ್ನದ ಊಟದಲ್ಲೇ ಮಾಡಿದಳು.

ಆಗ ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ರಂಗಪ್ಪನದು.

"ಯಶೋದಮ್ಮ, ನಾಲ್ಕು ದೊಡ್ದು, ಎಲ್ಡು ಚಿಕ್ದು. ಅಂಗಾದ್ರೆ ನಾಲ್ಕನೇ ಒಂದು ಅರ್ಧಕ್ಕಿಂತ ಯಾಕ್ ಚಿಕ್ದು? ಮೇಷ್ಟ್ರು ಏಳಿದ್ರು, ಆವತ್ತು ನಾನು ಸುಮ್ನೆ ತಲೆ ಆಡ್ಸಿದ್ದೆ."

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಯಶೋದ ನಗಲಿಲ್ಲ. "ಒಂದೇ ಮುದ್ದೆ ರಂಗಪ್ಪಣ್ಣ. ಇಬ್ರು ಕೂತ್ರೆ ನಿಮ್ಗೆಷ್ಟು ಬತ್ತದೆ? ನಾಲ್ಕ್ ಜನ ಕೂತ್ರೆ?" ಅಂದಳು. ರಂಗಪ್ಪ ಆ ನಾಲ್ಕು ತುಂಡನ್ನು ನೋಡುತ್ತಾ ನೋಡುತ್ತಾ, "ಥೂ ನನ್ ಮುಖಕ್ಕೆ, ಇಷ್ಟೇಯಾ!" ಅಂದ. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಮುಂದಿನ ಬೆಂಚಿನ ಒಬ್ಬ ಹುಡುಗ ತಿರುಗಿ, "ವೆರಿ ಗುಡ್ ಅಂಕಲ್" ಅಂದ.

ಹೊರಗೆ ಬಂದ ಮೇಲೆ ಜಯಮ್ಮ ಕೇಳಿದಳು, "ಎಷ್ಟ್ ಕೊಡ್ತಾರೆ ಕಣಮ್ಮಿ ನಿಂಗೆ?" ಯಶೋದ ಹೇಳಿದಳು. ಆ ಮೊತ್ತವನ್ನು ಇಲ್ಲಿ ಬರೆಯುವುದಕ್ಕೆ ನನಗೇ ನಾಚಿಕೆ. ಸರ್ಕಾರ ಅತಿಥಿ ಶಿಕ್ಷಕರಿಗೆ ಎಸೆಯುವುದಕ್ಕಿಂತಲೂ ಕಡಿಮೆ. ಸಂಬಳ ಏರಬೇಕಾದರೆ ಬೇಸಿಗೆಯಲ್ಲಿ ಮನೆಮನೆ ತಿರುಗಿ ಹೊಸ ಮಕ್ಕಳನ್ನು ಸೇರಿಸಬೇಕಂತೆ. ನಮ್ಮೂರ ಶಾಲೆಯಿಂದ ಮಕ್ಕಳನ್ನು ಕೀಳುವುದಕ್ಕೆ ಅವಳು ಒಪ್ಪಲಿಲ್ಲ, ಅದಕ್ಕೆ ಏರಿಕೆ ಇಲ್ಲ. ಹೆಚ್ಚು ಮಕ್ಕಳನ್ನು ತಂದವರಿಗೆ 'ಅತ್ಯುತ್ತಮ ಶಿಕ್ಷಕ' ಅಂತ ಶಾಲು ಹೊದಿಸಿದರಂತೆ. ಗೆದ್ದಿರಿ ಮೇಷ್ಟ್ರೇ! ಅಳೆಯೋನು ಯಾರವ್ವಾ ಅಂದಿರಲ್ಲ, ಇಗೋ ಅಳೆದಿದ್ದಾರೆ. ಆದರೆ ನಾನೂ ಸೋತಿಲ್ಲ. ರಂಗಪ್ಪನ ಮೂವತ್ತೈದು ವರ್ಷದ ಮಂಕು ಬಿಡಿಸಿದವಳಿಗೂ ಶಾಲು ಹೊದ್ದವನಿಗೂ ಒಂದೇ ಅಂತ ನೀವು ಎದ್ದು ಬಂದು ಹೇಳಿದರೂ ನಾನು ಒಪ್ಪುವುದಿಲ್ಲ.

ಅಂದು ಸಂಜೆಯೇ ಅವಳನ್ನು ಕೆಲಸದಿಂದ ತೆಗೆದರು. ನಾಳೆಯಿಂದ ವ್ಯಾನು ಹತ್ತಬೇಡ ಅಂದರು. ಅವಳು ನನ್ನ ಮನೆ ಬಾಗಿಲಿಗೆ ಬಂದು ನಿಂತಳು. "ಅಕ್ಕಾ, ನೀವು ಧಿಕ್ಕಾರ ಕೂಗಿ ಮನೆಗ್ ಬತ್ತೀರಾ. ನಾನ್ ನಾಳೆ ಬೆಳಿಗ್ಗೆ ಎಲ್ಲಿಗೋಗ್ಲಿ?" ಎಷ್ಟು ಧರಣಿ ಕೂತಿದ್ದೇನೆ, ಎಷ್ಟು ಲಾಠಿ ತಿಂದಿದ್ದೇನೆ, ಯಾವುದೂ ಈ ಒಂದು ಮಾತಿನಷ್ಟು ಬಿಗಿಯಾಗಿ ಬಿದ್ದಿರಲಿಲ್ಲ. ಅವಳ ಊಟ ಕಿತ್ತದ್ದು ನಾನೇ. ಮರುದಿನ ಇಲಾಖೆಯ ಆಫೀಸಿಗೆ ಓಡಿದೆ. ಅತಿಥಿ ಶಿಕ್ಷಕಿಯಾಗಿ ಇವಳನ್ನು ನಮ್ಮ ಶಾಲೆಗೆ ಹಾಕಿ ಅಂದೆ. ಮಕ್ಕಳು ಬರಲಿ, ಟೀಚರ್ ಕೊಡ್ತೀವಿ ಅಂದರು. ಟೀಚರ್ ಬರಲಿ, ಮಕ್ಕಳು ಬರ್ತವೆ ಅಂದೆ. ಫ್ಯಾನು ತಿರುಗುತ್ತಿತ್ತು, ನಮ್ಮ ಮಾತೂ ಅದರ ಜೊತೆಗೇ ತಿರುಗಿತು.

ಈಗ ಹೊಸ ಸುದ್ದಿ ಕೇಳಿ. ಆದೇಶ ಬರುವವರೆಗೆ ನಮ್ಮ ಶಾಲೆಯಲ್ಲೇ ಪಾಠ ಮಾಡು ಅಂತ ನಿನ್ನೆ ಯಶೋದಳನ್ನು ಒಪ್ಪಿಸಿ, ಊರಿಗೂ ಸಾರಿದ್ದೆವು. ಇವತ್ತು, ಗುರುವಾರ, ಬೆಳಿಗ್ಗೆ ವ್ಯಾನು ಬಂತು. ಹಾರನ್ ಹೊಡೆಯಿತು. ಐದು ಮಕ್ಕಳು ಹತ್ತಿದವು, ಸುಳ್ಳು ಹೇಳುವುದಿಲ್ಲ. ಮೇಲಿನ ಬೀದಿಯ ದೊಡ್ಡಮನೆಯವರು ಈಗಲೂ ಕಳಿಸುತ್ತಾರೆ, ನಮ್ಮ ಕೇರಿಯ ಮಕ್ಕಳ ಪಕ್ಕ ಕೂರಿಸುವುದಕ್ಕೆ ಅವರಿಗೆ ಇರುವ ಕಷ್ಟ ಮುದ್ದೆ ಕುಯ್ದರೆ ಹೋಗುವಂಥದ್ದಲ್ಲ. ಆದರೆ ಆರು ಮಕ್ಕಳು ಹತ್ತಲಿಲ್ಲ! ಡ್ರೈವರು ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ. ರಂಗಪ್ಪ ಹೋಗಿ, "ಸವೆದೋಯ್ತದೆ ಓಗಪ್ಪಾ ಅದು" ಅಂದ. ತನ್ನ ಎರಡು ಮಕ್ಕಳ ಕೈ ಹಿಡಿದು ಶಾಲೆಗೆ ನಡೆದ. ಹಿಂದೆ ಜಯಮ್ಮ, ಅವಳ ಹಿಂದೆ ಉಳಿದ ನಾಲ್ವರು. ಇದ್ದ ಒಬ್ಬ ಶಿಕ್ಷಕರಿಗೆ ಇವತ್ತು ಪಕ್ಕದೂರಿನ ಪಾಳಿ, ಕೊಠಡಿಯಲ್ಲಿ ಯಶೋದ ಆದೇಶವಿಲ್ಲದೆ, ಸಂಬಳವಿಲ್ಲದೆ ನಿಂತಿದ್ದಳು. ಹಾಜರಿ ಕೂಗಿದಳು. ಹದಿಮೂರು ಸಲ 'ಯೆಸ್ ಮಿಸ್'. ರಂಗಪ್ಪನ ಮಗ ನಮ್ಮ ಕೇರಿಯ ತಿಮ್ಮನ ಮಗಳ ಪಕ್ಕ ಕೂತು ಅವಳ ಬಳಪ ಕಿತ್ತುಕೊಂಡ, ಅವಳು ಒಂದು ಬಿಟ್ಟಳು. ಆ ಏಟಿನ ಸದ್ದು ಕೇಳಿ ನನಗೆ ಕಣ್ಣು ತುಂಬಿತು. ಎಷ್ಟು ದಿನವಾಗಿತ್ತು, ಎರಡು ಬೀದಿಯ ಮಕ್ಕಳು ಹೀಗೆ ಸರಿಸಮ ಜಗಳವಾಡಿ!

ಜಗಳಕ್ಕೆ ನನ್ನ ಉತ್ತರ ಇದು. ಮೊದಲು ಸಮ. ಅತಿಥಿ ಅನ್ನುವ ಹೆಸರಿನಲ್ಲಿ ಅರೆಹೊಟ್ಟೆ ದುಡಿಸುವುದು ನಿಲ್ಲಲಿ, ಕಾಯಂ ಶಿಕ್ಷಕರಿಗೆ ಏನಿದೆಯೋ ಅದು ಯಶೋದಳಿಗೂ ಬರಲಿ. ಅಲ್ಲಿಗೆ ನಿಮ್ಮ ಪಾಲು. ಆಮೇಲೆ ಒಳ್ಳೆಯವರಿಗೆ ಹೆಚ್ಚು. ಅಳೆಯುವವರು ಸಾಹೇಬರೂ ಬೇಡ, ಸೆಕ್ರೆಟ್ರಿಯೂ ಬೇಡ. ಸರ್ಕಾರಿ ಇರಲಿ, ಖಾಸಗಿ ಇರಲಿ, ತಿಂಗಳಿಗೊಂದು ದಿನ ಗೇಟು ತೆಗೆಯಲಿ, ಹಿಂದಿನ ಬೆಂಚು ಊರಿನವರಿಗೆ ಬಿಡಲಿ. ಕೈ ಎತ್ತಿದವನಿಗೆ ಉತ್ತರ ಸಿಕ್ಕಿತೋ ಇಲ್ಲವೋ, ಅವನೇ ಹೇಳಲಿ. ನೀವು ಬಸ್ಸಿನಿಂದ ಕೂಗಿದ್ದು ಇದೇ ಇದ್ದಿರಬಹುದಾ? ಇಲ್ಲದಿದ್ದರೂ ಇದೇ ಅಂತ ಎಲ್ಲರಿಗೂ ಹೇಳುತ್ತೇನೆ. ಬಂದು ಅಲ್ಲಗಳೆಯಿರಿ ನೋಡೋಣ.

ಮಧ್ಯಾಹ್ನವೇ ಹದಿಮೂರು ಮಕ್ಕಳ ತಂದೆತಾಯಿ ಸಹಿ ಹಾಕಿದ ಕಾಗದ ತೆಗೆದುಕೊಂಡು ಹೋಗಿ ಇಲಾಖೆಯ ಸಾಹೇಬರ ಮೇಜಿನ ಮೇಲಿಟ್ಟೆವು. ಇನ್ನು ಮಕ್ಕಳಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ಸೋಮವಾರ ಖುದ್ದು ಬಂದು ಎಣಿಸಿ ಯಶೋದಳ ಆದೇಶದ ಬಗ್ಗೆ ಅಲ್ಲೇ ಹೇಳುತ್ತೇನೆ ಅಂದಿದ್ದಾರೆ. ಬರಲಿ. ಅವರಿಗೂ ಹಿಂದಿನ ಬೆಂಚೇ, ರಂಗಪ್ಪನ ಪಕ್ಕ. ಗೊತ್ತಾಗದಿದ್ದರೆ ಕೈ ಎತ್ತಬೇಕು.

ಸಭೆ: ಬರುವ ಸೋಮವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ನಿಮ್ಮ ಶಾಲೆಯಲ್ಲಿ.