ಎಡಕ್ಕೆ ಹೋಗು

ಮೇ 6, ಮಂಗಳವಾರ

ಇವತ್ತು ಐದು ಸಲ ನೋಡಿದೆ. ತಂಗಿಯ ಮಗ ಫೀಲಿಪೋನ ಎದುರಾಳಿ ಫಿಜಿಯ ಸುವಾದವನು, ಜೋವೆಸಾ ಅಂತ. ಅವನ ಹಳೇ ಫೈಟ್ ಸಿಕ್ಕಿದ್ದು ಒಂದೇ ವಿಡಿಯೊ — ಒಂಬತ್ತು ನಿಮಿಷ, ಮಸುಕು. ಬಲಗಾಲು ಮುಂದೆ. ಎಡಗೈಯವನು. ಹೊಡೆಯುವ ಮೊದಲು ಗಲ್ಲ ಎತ್ತುತ್ತಾನೆ.

ವ್ಯಾನಿನಲ್ಲಿ ಕೂತು ಫೋನಿನಲ್ಲೇ ನೋಡುವುದು. ನಡುಮನೆಯ ಟಿವಿ ಹಚ್ಚಿಲ್ಲ, ಫೆಬ್ರವರಿಯಲ್ಲಿ ಹೆಂಡತಿ ಪೆಲೆನಿಸೆಯನ್ನು ಮಣ್ಣು ಮಾಡಿದಾಗಿನಿಂದ. ಅವಳ ಕುರ್ಚಿ ಅದರ ಎದುರೇ ಇದೆ. ನಾನು ಕಾಲು ನೋಡುತ್ತಿದ್ದೆ. ಅವಳು ಫೈಟರುಗಳ ಚಡ್ಡಿಯ ಮೇಲಿನ ಜಾಹೀರಾತಿನ ಅಕ್ಷರ ಓದುತ್ತಿದ್ದಳು — ಯಾವ ಟೈರ್ ಅಂಗಡಿ, ಯಾವ ಮಾಂಸದಂಗಡಿ. ನಗುತ್ತಿದ್ದೆ.

ಮೇ 13

ಜಿಮ್ಮಿನಲ್ಲಿ ಕೋಚ್ ಹೋಹೇಪ ಕಾಲೆಳೆದ.

“ಏನಪ್ಪಾ ಪ್ರವಾದಿ, ಈ ಸಲ ದೇವರು ಏನಂದ?”

“ಎಡಕ್ಕೆ ಹೋಗು ಅಂದ. ಅವನ ಎಡಗೈಯಿಂದ ದೂರ.”

“ಒಂದು ಹಾಳು ವಿಡಿಯೊ ನಂಬ್ಕೊಂಡು ತಿಂಗಳುಗಟ್ಲೆ ಹುಡುಗನ್ನ ಎಡಕ್ಕೇ ಓಡಿಸ್ತೀಯಾ?”

“ಹದಿನೇಳು ಫೈಟ್ ಹೇಳಿದೀನಿ. ಹದಿನೈದು ಸರಿಯಾಗಿದೆ.”

“ಉಳಿದೆರಡು?”

“ಆಗ ಪೆಲೆನಿಸೆ ಊರಲ್ಲಿರಲಿಲ್ಲ.”



ಮೇ 25, ಭಾನುವಾರ

ಚರ್ಚ್ ಮುಗಿಸಿ ತಂಗಿ ಮೆಲೆಯ ಮನೆಯಲ್ಲಿ ಊಟ. ಕೆಸುವಿನ ಗೆಡ್ಡೆ, ತೆಂಗಿನ ಹಾಲು. ಫೀಲಿಪೋ ಬರೀ ಬೇಯಿಸಿದ ಮೀನು ತಿಂದ. ಗೆದ್ದರೆ ಸಿಡ್ನಿಯ ದೊಡ್ಡ ಕಂಪನಿ ಸಹಿ ಹಾಕಿಸಿಕೊಳ್ಳುತ್ತದೆ. ಸೋತರೆ ಮತ್ತೆ ಗೋದಾಮು, ನನ್ನ ಹಾಗೆ.

“ಅಣ್ಣಾ, ಇವ್ನು ನನ್ ಮಾತು ಕೇಳಲ್ಲ, ನಿನ್ ಮಾತು ಮೀರಲ್ಲ,” ಅಂದಳು ಮೆಲೆ. “ನೋಡ್ಕೋ.”

ಹಿರಿಯರ ಮಾತಿಗೆ ಎದುರಾಡಬಾರದೆಂದು ಅವನನ್ನು ಬೆಳೆಸಿದವನು ನಾನೇ.

ಜೂನ್ 6, ಶುಕ್ರವಾರ

ನಾಳೆ ಫೈಟ್. ಇವತ್ತು ತೂಕ ನೋಡಿದರು. ಸರಿಯಾಯಿತು. ಜೋವೆಸಾನ ಬಲ ಭುಜದಲ್ಲಿ ಶಾರ್ಕಿನ ಹಚ್ಚೆ. ಎಡ ಭುಜ ಅಂತ ಬರೆದುಕೊಂಡಿದ್ದೆ… ಕಣ್ಣು ತೋರಿಸಬೇಕು.

ಜೂನ್ 8, ಭಾನುವಾರ. ಆಸ್ಪತ್ರೆ

ಫೀಲಿಪೋನ ದವಡೆ ಎರಡು ಕಡೆ ಮುರಿದಿದೆ. ತಂತಿ ಹಾಕಿ ಬಿಗಿದಿದ್ದಾರೆ.

ಮೊದಲ ರೌಂಡ್ ಮುಗಿದು ಸ್ಟೂಲಿನಲ್ಲಿ ಕೂತಾಗ ಅಂದಿದ್ದ, “ಮಾಮ, ಅವ್ನ ಎಡಗಾಲು ಮುಂದಿದೆ. ಹೊಡೀತಿರೋದು ಬಲಗೈಲಿ.”

“ನಿನ್ನ ತಲೆ ಕೆಡಿಸಕ್ಕೆ ಕಾಲು ಬದಲಾಯಿಸಿದಾನೆ. ತಿರುಗಿ ಹಳೇದಕ್ಕೇ ಬರ್ತಾನೆ. ನೀನು ಎಡಕ್ಕೇ ಹೋಗು.”

“ಹೂಂ ಮಾಮ.”

ಎಡಕ್ಕೇ ಹೋದ. ನೇರವಾಗಿ ಆ ಬಲಗೈಯ ಏಟಿನೊಳಕ್ಕೆ. ಬಿದ್ದ ಸದ್ದು…

ಹೋಹೇಪ ಕಾರಿಡಾರಿನಲ್ಲಿ ಅಂದ, “ಹುಡುಗ ಕಣ್ಣಲ್ಲಿ ಕಂಡಿದ್ದು ಹೇಳ್ದ. ನೀನು ಫೋನಲ್ಲಿ ಕಂಡಿದ್ದು ಹೇಳ್ದೆ.”

ಮೆಲೆಗೆ ಮಾತ್ರ, ಆ ಫಿಜಿಯವನು ಮೋಸದಿಂದ ಕಾಲು ಬದಲಾಯಿಸಿದ ಅಂದೆ. ನಂಬಿದಳು.

ಜೂನ್ 15, ಭಾನುವಾರ

ಫೀಲಿಪೋ ನನ್ನ ಮನೆಗೆ ಬಂದ. ಸೋಫಾ ಇದ್ದರೂ ನನ್ನ ಕಾಲ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ತಲೆ ತಗ್ಗಿಸಿ. ಬಾಯಿ ತೆರೆಯುವಂತಿಲ್ಲ. ಚೀಟಿ ಬರೆದು ಕೊಟ್ಟ.

‘ಕ್ಷಮಿಸಿ ಮಾಮ. ಇನ್ನೂ ಬೇಗ ಎಡಕ್ಕೆ ಹೋಗಬೇಕಿತ್ತು.’

ಅವನು ಹೋದ ಮೇಲೆ ನಡುಮನೆಯ ಟಿವಿ ಹಚ್ಚಿದೆ. ಪೆಲೆನಿಸೆಯ ಕುರ್ಚಿಯಲ್ಲೇ ಕೂತೆ. ಆ ವಿಡಿಯೊ ಹಾಕಿದೆ. ಜೋವೆಸಾನ ಚಡ್ಡಿಯ ಮೇಲಿನ ಅಕ್ಷರ ದೊಡ್ಡದಾಗಿ ಕಂಡಿತು. ಎಲ್ಲ ತಿರುಗುಮುರುಗು, ಕನ್ನಡಿಯಲ್ಲಿ ಕಂಡಂತೆ.

ಫೈಟಿನ ವಿಡಿಯೊ ಕದ್ದು ನೆಟ್ಟಿಗೆ ಹಾಕುವವರು ಕಂಪನಿಯವರಿಗೆ ಸಿಕ್ಕಿಬೀಳದಿರಲು ಚಿತ್ರವನ್ನು ಹೀಗೆ ತಿರುಗಿಸಿ ಹಾಕುತ್ತಾರೆ. ನನಗೆ ಗೊತ್ತಿಲ್ಲದ್ದಲ್ಲ. ಎಡಗೈ ಎಂದು ನಾನು ನೋಡಿದ್ದು ಅವನ ಬಲಗೈ. ಅವನು ಯಾವ ಕಾಲನ್ನೂ ಬದಲಾಯಿಸಿರಲಿಲ್ಲ.

ಅವಳಿದ್ದಿದ್ದರೆ ಮೊದಲ ನಿಮಿಷದಲ್ಲೇ ಓದಲು ಹೋಗಿ, “ಇದೇನ್ರೀ, ಉಲ್ಟಾ ಇದೆ” ಅನ್ನುತ್ತಿದ್ದಳು.

ಜೂನ್ 23, ಸೋಮವಾರ, ಬೆಳಿಗ್ಗೆ ಆರು

ಎಂಟು ದಿನ ಯಾರಿಗೂ ಹೇಳಲಿಲ್ಲ. ನಿನ್ನೆ ಚರ್ಚಿನಲ್ಲಿ ಮೆಲೆ ಎದ್ದು ನಿಂತು, ಮೋಸ ಮಾಡಿದ ಆ ಫಿಜಿ ಹುಡುಗನನ್ನು ದೇವರು ಕ್ಷಮಿಸಲಿ ಎಂದು ಪ್ರಾರ್ಥಿಸಿದಳು. ನಾನೂ ಆಮೆನ್ ಅಂದೆ.

ಈಗ ಅವಳ ಮನೆಯೆದುರು ವ್ಯಾನಿನಲ್ಲಿ. ತೊಡೆಯ ಮೇಲೆ ಪೆಲೆನಿಸೆ ನೇಯ್ದ ನಯವಾದ ಚಾಪೆ. ಒಮ್ಮೆ ನಮ್ಮ ದ್ವೀಪದ ಊರಲ್ಲಿ ಅಪ್ಪ ಇಂಥದೇ ಚಾಪೆ ಹೊದ್ದು, ತಾನು ತಪ್ಪು ಮಾಡಿದ್ದ ಮನೆಯವರ ಅಂಗಳದಲ್ಲಿ ಕ್ಷಮೆ ಬೇಡಿ ಕೂತಿದ್ದ. ಮನೆಯವರೇ ಬಂದು ಎತ್ತುವ ತನಕ ತೆಗೆಯುವಂತಿಲ್ಲ; ಎತ್ತಿದರೆ ಕ್ಷಮಿಸಿದಂತೆ. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ನಾನೂ ಇಳಿದು ಹಾಗೆ ಕೂರಬೇಕು. ಅಷ್ಟಾದರೂ ಆಗಬೇಕು ನನಗೆ.

ಅಡುಗೆಮನೆಯ ದೀಪ ಹತ್ತಿತು. ಮೆಲೆ ಬಾಗಿಲು ತೆರೆದರೆ ಒಳ್ಳೆಯದು, ಅವಳು ಬೈಯುತ್ತಾಳೆ. ಫೀಲಿಪೋ ತೆರೆದರೆ ಏನನ್ನೂ ಕೇಳದೆ ಓಡಿ ಬಂದು ಚಾಪೆ ಎತ್ತಿಬಿಡುತ್ತಾನೆ. ಎತ್ತಬೇಡ ಎಂದರೆ ಎತ್ತುವುದಿಲ್ಲ. ನಾನು ಹೇಳಿದ್ದನ್ನೇ

ಬಾಗಿಲು ತೆರೆಯಿತು. ಅವನೇ —