ಗೂಬೆ ಹೊಲಿದ ಕೋಟು

ಅಕ್ಕಾ,

ಹೇಗಿದ್ದೀಯ ಎಂದು ಕೇಳಿ ಶುರುಮಾಡಬೇಕು. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಹೇಗೆ ಕೇಳಲಿ? ಈ ಪತ್ರಕ್ಕೆ ವಿಳಾಸವಿಲ್ಲ. ಇತ್ತು, ನೀನೇ ಬರೆದು ಕೊಟ್ಟಿದ್ದೆ. ಅದನ್ನು ನಾನು ಕೈಯಾರೆ ಅಂಟು ಸವರಿ, ಮೇಲೆ ಬಣ್ಣ ಬಳಿದು ಮುಗಿಸಿದೆ. ಕೇಳಿದರೆ ಹಣೆ ಹಣೆ ಚಚ್ಚಿಕೊಳ್ಳುತ್ತೀಯ. ಚಚ್ಚಿಕೋ, ಆದರೆ ಪೂರ್ತಿ ಕೇಳಿಸಿಕೋ.

ಮಕ್ಕಳ ಗ್ರಂಥಾಲಯಕ್ಕೆಂದು ನಾವಿಬ್ಬರೂ ಕೈಗೆತ್ತಿಕೊಂಡಿದ್ದ ಚಿತ್ರ ನೆನಪಿದೆಯಲ್ಲ? ಚಿಕ್ಕವಳಿದ್ದಾಗ ನನ್ನ ತಲೆಯ ಸಿಕ್ಕು ಬಿಡಿಸುತ್ತಾ ನೀನು ಹೇಳುತ್ತಿದ್ದ ಕಥೆಯೇ ಅದು. ಚಳಿ ಬರುವ ಮೊದಲು ಕಾಡಿನ ಪ್ರಾಣಿಗಳೆಲ್ಲ ಗೂಬೆ ದರ್ಜಿಯ ಹತ್ತಿರ ಕೋಟು ಹೊಲಿಸಿಕೊಳ್ಳುತ್ತವೆ. ಪ್ರತಿ ಕೋಟಿನ ಒಳಗೂ ಗೂಬೆ ತನ್ನ ಗರಿಗಳನ್ನೇ ಕಿತ್ತು ತುಂಬುತ್ತದೆ. ಚಳಿ ಬಂದಾಗ ಅದರ ಮೈಮೇಲೆ ಒಂದು ಗರಿಯೂ ಉಳಿದಿರುವುದಿಲ್ಲ. ನಡುಗುತ್ತಾ ಹೋಗಿ ಬಾಗಿಲು ತಟ್ಟಿದರೆ, ಒಳಗೆ ಬೆಚ್ಚಗೆ ಕೂತ ನರಿ, "ಯಾರಪ್ಪ ನೀನು? ನೋಡಿದ ಹಾಗೇ ಇಲ್ವಲ್ಲ!" ಎನ್ನುತ್ತದೆ. ಕಥೆ ಅಷ್ಟೇ. ನಾನು ಅತ್ತು ರಂಪ ಮಾಡಿದ ಮೇಲೆ ನೀನು ಅದಕ್ಕೊಂದು ಬಾಲ ಸೇರಿಸಿದೆ. "ಆಯ್ತು ಕಣೇ, ಮಾರನೇ ದಿನ ಎಲ್ಲರೂ ಬಂದು ಒಂದೊಂದು ಗರಿ ವಾಪಸ್ ಕೊಟ್ರು. ಈಗ ತಲೆ ಅಲ್ಲಾಡಿಸ್ಬೇಡ."

ಆ ಬಾಲ ಸುಳ್ಳೆಂದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಚಿತ್ರದ ಅಡಿಗೆ ರದ್ದಿ ಕಾಗದ ಅಂಟಿಸುವುದನ್ನು ನನಗೆ ಕಲಿಸಿದವಳೂ ನೀನೇ. ಕತ್ತರಿ ಹಾಕಬಾರದು, ಕೈಯಲ್ಲೇ ಎರಡಾಗಿ ಹರಿಯಬೇಕು. ಹರಿದ ಅಂಚು ಬಣ್ಣದಡಿ ಚಪ್ಪಟೆಯಾಗಿ ಕೂರುತ್ತದೆ, ಕತ್ತರಿಸಿದ್ದು ಗೆರೆಯಾಗಿ ಎದ್ದು ಕಾಣುತ್ತದೆ. ಇನ್ನೊಂದು, ಯಾವ ಕಾಗದವನ್ನೂ ಓದಬಾರದು. "ಓದ್ತಾ ಕೂತ್ರೆ ಯಾವುದನ್ನೂ ಹರಿಯೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದೆ. ಬಾಗಿಲ ಹೊರಗೆ ಪೆಟ್ಟಿಗೆ ಇಟ್ಟವಳೂ ನೀನೇ. ಬೀದಿಯವರೆಲ್ಲ ಹಳೆಯ ರಸೀದಿ, ಟಿಕೆಟ್ಟು, ಕ್ಯಾಲೆಂಡರ್ ಹಾಳೆ ಹಾಕಿ ಹೋಗುತ್ತಿದ್ದರು, ನಾವು ಕಣ್ಣೆತ್ತಿಯೂ ನೋಡದೆ ಹರಿಯುತ್ತಿದ್ದೆವು.

ಅರ್ಧ ಆದ ಚಿತ್ರ ನೋಡಲು ಗ್ರಂಥಪಾಲಕಿ ಬಂದ ದಿನವನ್ನು ನಾನು ತಪ್ಪಿಸಿ ಬರೆಯಲಾರೆ. ಹರಿದ ಕೊಡೆಬಟ್ಟೆಯ ತುಂಡುಗಳಲ್ಲಿ ನೀನು ನರಿಗೆ ಕ್ಯಾನ್ವಾಸಿಗೇ ಸೇರಿಸಿ ಹೊಲಿದಿದ್ದ ಕೋಟಿನ ಮೇಲೆ ಅವರು ಬೆರಳಾಡಿಸಿದರು. ನಲವತ್ತು ಗುಂಡಿ, ಒಂದರ ಹಾಗೆ ಇನ್ನೊಂದಿಲ್ಲ. "ಇದು ಯಾರ ಕೈಕೆಲಸ?" ಎಂದು ಕೇಳಿದರು. "ಅಕ್ಕಂದು. ಅವಳು ಗುಂಡಿ ಗಿಂಡಿ ಹೊಲಿದು ಕೊಡ್ತಾಳೆ ಅಷ್ಟೇ. ಚಿತ್ರ ನಂದು" ಎಂದೆ. ನೀನು ಮೂರು ಲೋಟ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಂದು ಹನಿಯೂ ಚೆಲ್ಲದೆ ತಂದಿಟ್ಟೆ. ಮರುದಿನ ಬೆಳಿಗ್ಗೆ ನಿನ್ನ ಹೊಲಿಗೆ ಮಿಷನ್ನೂ ಇರಲಿಲ್ಲ, ನೀನೂ ಇರಲಿಲ್ಲ.

ಬಾಯಿ ಜಾರಿತು ಎಂದು ಹೇಳಲಾರೆ ಅಕ್ಕ. ಆ ಮಾತು ನನ್ನೊಳಗೆ ಮೊದಲಿನಿಂದಲೂ ಇತ್ತು. ಜೊತೆಗೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಒಂದು ಚಿತ್ರದ ಮೂಲೆಯಲ್ಲೂ ನಿನ್ನ ಹೆಸರು ಬರೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಬೇಕೇ?

ಏಳು ತಿಂಗಳು ಚಿತ್ರ ಗೋಡೆಗೆ ಮುಖಮಾಡಿ ನಿಂತಿತ್ತು. ನಿನ್ನ ಹಳೆಯ ನಂಬರಿಗೆ ಫೋನು ಮಾಡಿದರೆ ಯಾರೋ ಗಂಡಸು ಎತ್ತುತ್ತಿದ್ದ. ಮೂರನೇ ಸಲ ಅವನೇ ಪಾಪ, "ಸಿಕ್ಕಿದ್ರಾ ನಿಮ್ಮಕ್ಕ?" ಎಂದು ಕೇಳಿದ. ಕೊನೆಗೆ ಗ್ರಂಥಾಲಯದವರು ದಿನ ಗೊತ್ತು ಮಾಡಿದರೆಂದು ಒಬ್ಬಳೇ ಕೂತು ಮುಗಿಸಿದೆ. ಮರದ ಕಾಂಡಕ್ಕೆ ನಿನ್ನ ಹಳೆಯ ಅಳತೆ ಟೇಪು ಹಚ್ಚಿದೆ. ಮೊಲಗಳ ಕಿವಿಗೆ ಅಂಚೆಚೀಟಿ ಅಂಟಿಸಿದೆ. ಪೆಟ್ಟಿಗೆಯ ಕಾಗದಗಳನ್ನು ಎರಡೆರಡಾಗಿ ಹರಿದು, ಒಂದರ್ಧ ಆಕಾಶದ ಅಡಿಗೆ ಅಂಟಿಸಿದೆ, ಇನ್ನೊಂದರ್ಧ ಉಂಡೆ ಕಟ್ಟಿ ನರಿಯ ಹೊಟ್ಟೆಗೆ ತುರುಕಿದೆ. ಹೊಟ್ಟೆ ತುಂಬಿದ ಮೇಲೆ ಹೊಲಿಯೋಣವೆಂದು ಕೋಟಿನ ಕೆಳಗಿನ ಅಂಚನ್ನು ನೀನು ಹಾಗೇ ಬಿಟ್ಟಿದ್ದೆಯಲ್ಲ, ಅದನ್ನು ಅಂಟಿನಲ್ಲೇ ಮುಚ್ಚಿದೆ. ಗೂಬೆಯನ್ನು ಮೂಲೆಯಲ್ಲಿ, ಹೆಬ್ಬೆರಳಷ್ಟು ಬರೆದೆ. ಮೇಲೆ ವಾರ್ನಿಷ್ ಎಳೆದೆ.

ಮೇಲೆ ಅಂಟಿಸುವ ನಕ್ಷತ್ರಗಳಷ್ಟೇ ಬಾಕಿ; ಅವಕ್ಕೆ ಹಳೆಯ ಗಡಿಯಾರಗಳ ಹಲ್ಲಿನ ಚಕ್ರ ಕೇಳಲು ಕೆಳಗಿನ ಅಂಗಡಿಯ ಗಡಿಯಾರ ರಿಪೇರಿ ಮಾಮನ ಹತ್ತಿರ ಹೋದೆ. ಅವರು ಕಣ್ಣಿನ ಮಸೂರ ತೆಗೆಯದೆಯೇ ಹೇಳಿದರು: "ಅಕ್ಕನ ಹತ್ರ ಹೋಗಿ ಬಂದ್ರಾ? ಅವತ್ತು ನೀವಿಲ್ಲದಾಗ ಬಂದಿದ್ರಲ್ಲ. ವಿಳಾಸ ಬರೆದು ಮಡಚಿ ಕೊಟ್ರು, ನಾನು ಬಿಡಿಸಿ ನೋಡ್ಲಿಲ್ಲ. ಕಳೆದುಹೋಗ್ಬಾರ್ದು ಅಂತ ನಿಮ್ಮ ಪೆಟ್ಟಿಗೆಗೇ ಹಾಕ್ದೆ. ನೀವು ದಿನಾ ಕೈ ಹಾಕೋ ಜಾಗ ಅಲ್ವಾ?" ನಾನು ಮೆಟ್ಟಿಲ ಕಡೆ ತಿರುಗಿದೆ. ಅವರು ಮುಂದುವರಿಸಿದರು: "ಈ ತಿಂಗಳು ಮುಗಿದ್ರೆ ಆ ಮನೆ ಬಿಡ್ತಾರಂತೆ. ತಂಗಿ ಬಂದ್ರೆ ಜೊತೇಲಿರೋಣ, ಬರ್ಲಿಲ್ಲ ಅಂದ್ರೆ ಇನ್ನು ತಿರುಗಿ ನೋಡಲ್ಲ ಅಂದ್ರು." ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಆ ನಾಲ್ಕು ದಿನ ನಾನು ಆಕಾಶ ಕೆರೆದೆ. ಬಿಸಿನೀರಿನ ಬಟ್ಟೆ ಹಾಕಿ, ಚಮಚದ ಹಿಂಬದಿಯಿಂದ, ಕೊನೆಗೆ ಉಗುರಿನಿಂದ. ವಾರ್ನಿಷ್ ಬಿಡುವಷ್ಟರಲ್ಲಿ ಅಡಿಯ ಕಾಗದ ಹಿಟ್ಟಾಗುತ್ತಿತ್ತು. ನಿನ್ನ ಶಾಯಿ ಪೆನ್ನಿನ ನೀಲಿಯೋ ನನ್ನ ಆಕಾಶದ ನೀಲಿಯೋ ಹೇಳಲು ಬರುವಂತಿರಲಿಲ್ಲ. ಬಕೆಟ್ಟಿನ ತುಂಬ ನೀಲಿ ರಾಡಿ. ಮೊಲ ಹೋಯಿತು, ಮರ ಹೋಯಿತು, ಹೆಬ್ಬೆರಳಷ್ಟಿದ್ದ ಗೂಬೆಯೂ ಹೋಯಿತು. ಅಂಟಿಸಿದ್ದೆಲ್ಲ ಬಿಟ್ಟಿತು, ನೀನು ಹೊಲಿದ ಕೋಟು ಮಾತ್ರ ಕ್ಯಾನ್ವಾಸ್ ಬಿಡಲಿಲ್ಲ. ಅದಕ್ಕೆ ಬ್ಲೇಡು ತಾಗಿಸಲು ಮನಸ್ಸು ಬರದೆ ಕೊನೆಯ ಸಂಜೆಯವರೆಗೂ ಅದನ್ನು ಮುಟ್ಟಲಿಲ್ಲ.

ಆ ಸಂಜೆ ನಾನು ಮುಚ್ಚಿದ್ದ ಅಂಚನ್ನು ಬಿಡಿಸಿದೆ. ಹದಿಮೂರು ಉಂಡೆಗಳು ಬಂದವು. ಒಂದೊಂದನ್ನೂ ಮಡಿಲಲ್ಲಿಟ್ಟು ಬಿಡಿಸಿ, ನಿನ್ನ ಮಾತು ಮುರಿದು ಓದಿದೆ. ಗಡಿಯಾರದ ರಸೀದಿ, ಬಸ್ಸಿನ ಟಿಕೆಟ್ಟು, ಯಾರದೋ ಮಗುವಿನ ಮಗ್ಗಿ. ಹನ್ನೊಂದನೆಯದು ನಿನ್ನ ಅಕ್ಷರ. ಒಂದಿಷ್ಟೂ ಕದಡಿರಲಿಲ್ಲ.

"ಗುಬ್ಬೀ, ಕೋಪ ಹೋಯ್ತು. ಕೋಟಿನ ಅಂಚು ಹಾಗೇ ಬಿಟ್ಟಿರ್ತೀಯ, ನಿನಗೆಲ್ಲಿ ಹೊಲಿಯೋಕೆ ಬರುತ್ತೆ? ಚಿತ್ರ ತಗೊಂಡು ಬಾ, ಮುಚ್ಚಿಕೊಡ್ತೀನಿ. ವಿಳಾಸ ಕೆಳಗೆ ಬರೆದಿದ್ದೀನಿ."

ಅದರ ಕೆಳಗೆ ಹರಿದ ಅಂಚು. ನೀನು ಕಲಿಸಿದ ಹಾಗೆಯೇ, ನೀಟಾಗಿ.

ತಿಂಗಳು ಮುಗಿದು ಆರು ದಿನವಾಯಿತು. ನಾನು ಬರಲಿಲ್ಲ ಎಂದಷ್ಟೇ ನಿನಗೆ ಗೊತ್ತು. ಇನ್ನೊಂದು ಚಿತ್ರ ಮಾಡಿಕೊಡಿ ಎಂದು ಗ್ರಂಥಪಾಲಕಿ ಹೇಳಿಕಳಿಸಿದ್ದಾರೆ, ನನ್ನ ಕೈಲಾಗದು ಎಂದೆ. ಬೋಳು ಕ್ಯಾನ್ವಾಸಿನ ಮೇಲೆ ಒಂದು ಖಾಲಿ ಕೋಟು ನೇತಾಡುತ್ತಿದೆ. ಅದರ ಮೂಲೆಯಲ್ಲಿ ನಿನ್ನ ಹೆಸರು ಬರೆದಿದ್ದೇನೆ, ನಿನ್ನದೊಂದನ್ನೇ. ನೋಡುವವರು ಯಾರೂ ಇಲ್ಲ.

ಎಲ್ಲಿದ್ದರೂ ಬೆಚ್ಚಗಿರು ಅಕ್ಕ. ಯಾವುದಾದರೂ ಬಾಗಿಲು ತಟ್ಟುವಂತಾದರೆ, ಒಳಗಿರುವವರು ನಿನ್ನ ಗುರುತು ಹಿಡಿಯಲಿ.

ಗುರುತು ಹಿಡಿಯದೆ ಹೋದ ನರಿ,
ನಿನ್ನ ಗುಬ್ಬಿ