ಫ್ರೀಜರಿಗೆ ಹೋದ ಇಂಜೆಕ್ಷನ್

ಆಸ್ಪತ್ರೆಯ ಎರಡನೇ ಮಹಡಿ,
ಆಪರೇಷನ್ ಕೋಣೆಯ ಎದುರಿನ ಬೆಂಚು,
ಗುರುವಾರ ಬೆಳಿಗ್ಗೆ

ಪ್ರೀತಿಯ ಗುಂಡನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗನೇ? ಎಂಜಿನ್ ಕೋಣೆಯ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹಡಗಿನ ಅಡುಗೆಯವನು ಬದಲಾದ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದೀಯ ಎಂದು ಕೇಳಿ ಸಮಾಧಾನವಾಯಿತು. ನಲವತ್ತು ದಾಟಿದ ಚೀಫ್ ಎಂಜಿನಿಯರನ್ನು ಇನ್ನೂ ಗುಂಡ ಎನ್ನುತ್ತಾಳಲ್ಲ ಎಂದು ನಗಬೇಡ. ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀಯೇನೋ. ಫೋನಿನಲ್ಲಿ ಮಗುವಿನ ವಿಷಯ ಎತ್ತಿದ ಕೂಡಲೇ ನಿನಗೆ ಲೈನ್ ಸರಿಯಿರುವುದಿಲ್ಲ. ಗಾಳಿ, ಅಲೆ, ಊಟದ ಮಾತಾದರೆ ಮಾತ್ರ ಎಷ್ಟು ಹೊತ್ತಾದರೂ ಕೇಳಿಸುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಮುಂದಿನ ಬಂದರಿನಲ್ಲಿ ಕಂಪನಿಯ ಏಜೆಂಟ್ ನಿನ್ನ ಕೈಗೇ ಕೊಡುತ್ತಾನಂತೆ.

ನಿನ್ನ ಹೆಂಡತಿಯನ್ನು ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ನಿದ್ದೆ ಬರಿಸಿ, ಅಂಡಾಣುಗಳನ್ನು ಸೂಜಿಯಿಂದ ಹೊರತೆಗೆದು, ಮುಂದಕ್ಕೆ ಆಗಲಿ ಎಂದು ಹೆಪ್ಪುಗಟ್ಟಿಸಿ ಇಡುತ್ತಾರೆ. ಎಷ್ಟು ಸಿಗುತ್ತವೆಯೋ ಗೊತ್ತಿಲ್ಲ. ಸ್ಕ್ಯಾನಿನಲ್ಲಿ ಒಂದು ಕಡೆಯ ಅಂಡಾಶಯದಲ್ಲಿ ಏನೂ ಬೆಳೆದಿರಲಿಲ್ಲ, ಇನ್ನೊಂದು ಕಡೆ ಬೆರಳೆಣಿಕೆಯಷ್ಟು. ಒಂದೂ ಸಿಗದೆ ಹೋಗುವುದೂ ಉಂಟು ಎಂದು ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ. ಅಷ್ಟಾದರೂ ಇವಳು ನಿನ್ನೆ ಸಂಜೆಯವರೆಗೆ ಕಟ್ಟುಹಲ್ಲು ಮಾಡುವ ತನ್ನ ಲ್ಯಾಬಿನಲ್ಲಿ ಕೂತು ಯಾರೋ ಅಜ್ಜಿಯ ಹಲ್ಲಿನ ಸೆಟ್ಟಿಗೆ ಮೇಣ ಕೂರಿಸಿ ಬಂದಳು. ಹುಬ್ಬಿನಲ್ಲಿ ಅಂಟಿದ್ದ ಪ್ಲಾಸ್ಟರ್ ಪುಡಿಯನ್ನು ಬೆಳಿಗ್ಗೆ ನಾನೇ ಒರೆಸಿದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನನ್ನು ಹೆತ್ತಾಗ ನನಗೆ ಇಪ್ಪತ್ತೆರಡು. ಆಗ ಇದನ್ನೆಲ್ಲ ಯೋಚಿಸಿದವರು ಯಾರು? ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿದ್ದರೆ ಎಲ್ಲವೂ ಸರಿಯಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಡಾಕ್ಟರಮ್ಮ ನನ್ನನ್ನೂ ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಹೆಣ್ಣುಮಗು ಹುಟ್ಟುವಾಗಲೇ ತನ್ನ ಪಾಲಿನ ಅಂಡಾಣುಗಳನ್ನೆಲ್ಲ ಹೊತ್ತು ಬರುತ್ತದಂತೆ. ಆಮೇಲೆ ಹೊಸದು ಹುಟ್ಟುವುದಿಲ್ಲ, ಇರುವುದೇ ಕರಗುತ್ತ ಹೋಗುತ್ತದೆ. ಮೂವತ್ತೈದು ದಾಟಿದ ಮೇಲೆ ಕರಗುವುದೂ ಜೋರು, ಉಳಿದವುಗಳ ಗುಣವೂ ಇಳಿಮುಖ. ನಮ್ಮ ಹುಡುಗಿಗೆ ಈಗ ಮೂವತ್ತೆಂಟು. ಇಂದು ತೆಗೆದಿಟ್ಟ ಅಂಡಾಣು ಮುಂದೆಯೂ ಇಂದಿನ ವಯಸ್ಸಿನದಾಗಿಯೇ ಉಳಿಯುತ್ತದೆ, ಆದರೆ ಅದರಿಂದ ಮಗು ಆಗಿಯೇ ತೀರುತ್ತದೆ ಎಂದು ಯಾರೂ ಮಾತು ಕೊಡಲಾರರು. ಇನ್ನೂ ಕೆಲವು ವರ್ಷ ಮೊದಲೇ ಬರಬೇಕಿತ್ತು ಎಂದರು. ಮೂರು ವರ್ಷದ ಹಿಂದೆ ನೀನು ಇನ್ನೊಂದೇ ಒಂದು ಟ್ರಿಪ್ ಎಂದು ಹೊರಟೆಯಲ್ಲ, ಅದೇ ನನ್ನ ಕಣ್ಣ ಮುಂದೆ ಬಂತು. ಇದು ಎಷ್ಟನೆಯ ಇನ್ನೊಂದೇ ಒಂದು, ನೀನೇ ಹೇಳು.

ಎರಡು ದಾರಿ ಇದ್ದವು. ಅಂಡಾಣುಗಳನ್ನು ಹಾಗೆಯೇ ಇಡುವುದು ಒಂದು. ಹೋದ ರಜೆಯಲ್ಲಿ ನೀನು ಇಲ್ಲಿ ಕೊಟ್ಟುಹೋದ ವೀರ್ಯದ ಜೊತೆ ಸೇರಿಸಿ, ಭ್ರೂಣ ಮಾಡಿ ಇಡುವುದು ಇನ್ನೊಂದು. ಇದನ್ನೆಲ್ಲ ಮಗನಿಗೆ ಬರೆಯಲು ನಾಚಿಕೆಯೇ, ಆದರೆ ನಾಚಿಕೊಳ್ಳುತ್ತ ಕೂರುವ ಹೊತ್ತಲ್ಲ ಇದು. ಎರಡನೆಯದಕ್ಕೆ ನಿನ್ನ ಬರವಣಿಗೆಯ ಒಪ್ಪಿಗೆ ಬೇಕು. ಅವಳು ಕೇಳಿದಳು. ನೋಡೋಣ ಎಂದು ನೀನು ಕಳಿಸಿದೆ. ಮತ್ತೆ ಕೇಳಿದಳು. ಅವಸರ ಏನಿದೆ, ಬಂದ ಮೇಲೆ ಮಾತಾಡೋಣ ಎಂದೆ. ಮೂರನೆಯ ಸಲ ಕೇಳಿದ್ದಕ್ಕೆ ಇನ್ನೂ ಉತ್ತರ ಇಲ್ಲ. ನಿಮ್ಮಪ್ಪ ಎದುರಿನ ಬೆಂಚಿನಲ್ಲಿ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಾರೆ.

ನಿಮ್ಮಪ್ಪನ ಕಥೆ ಬೇರೆ ಹೇಳಬೇಕು. ದಿನಾ ಸಂಜೆ ಅವಳ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದವಳು ನಾನೇ. ಜೀವಮಾನವಿಡೀ ಬಟ್ಟೆ ಹೊಲಿದವಳಿಗೆ ಸೂಜಿ ಹೊಸದೇ? ಆದರೂ ಮೊದಲ ದಿನ ಅವಳೇ ನನಗೆ ಧೈರ್ಯ ಹೇಳಬೇಕಾಯಿತು. ಔಷಧಿಯ ಪೆನ್ನುಗಳನ್ನು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟಿದ್ದೆ. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮಹಾನುಭಾವರಿಗೆ ಆ ತಂಪು ಸಾಲದೆನಿಸಿತು. ಯಾರಿಗೂ ಹೇಳದೆ ಡಬ್ಬಿಯನ್ನು ಎತ್ತಿ ಮೇಲಿನ ಫ್ರೀಜರಿಗೆ ಹಾಕಿಬಿಟ್ಟರು. ಸಂಜೆ ತೆಗೆದರೆ ಔಷಧಿ ಗಟ್ಟಿ ಕಲ್ಲು. ಆಸ್ಪತ್ರೆಗೆ ಫೋನ್ ಮಾಡಿದರೆ, ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿಸಿದರೂ ಕೆಲಸಕ್ಕೆ ಬಾರದು ಎಂದರು. ಆ ಸಂಜೆಯ ಇಂಜೆಕ್ಷನ್ ತಪ್ಪಿದರೆ ಅಷ್ಟು ದಿನ ಚುಚ್ಚಿಸಿಕೊಂಡಿದ್ದೆಲ್ಲ ನೀರುಪಾಲು. ನಿಮ್ಮಪ್ಪ ಮನೆಯ ಚಪ್ಪಲಿಯಲ್ಲೇ ಸ್ಕೂಟರ್ ಹತ್ತಿ ಹೋದರು. ಎರಡು ಅಂಗಡಿಯಲ್ಲಿ ಇಲ್ಲ ಎನಿಸಿಕೊಂಡು, ಕೊನೆಗೆ ಇದೇ ಆಸ್ಪತ್ರೆಯವರನ್ನು ಕಾಡಿ ಬೇಡಿ ತಂದರು. ಸಮಯಕ್ಕೆ ಸರಿಯಾಗಿ ಕೊಟ್ಟೆವು.

ಆಮೇಲೆ ಅವರು ಹಿತ್ತಿಲ ಬಾಗಿಲಲ್ಲಿ ಮುಖ ತಗ್ಗಿಸಿ ಕೂತಿದ್ದರು. ಇವಳು ನೀರು ತೆಗೆದುಕೊಂಡು ಹೋಗಿ ಪಕ್ಕದಲ್ಲೇ ಕೂತಳು. "ಮಾವ, ನೀವು ತಪ್ಪು ಮಾಡಿದ್ರಿ, ಓಡಿ ಹೋಗಿ ತಂದ್ರಿ. ಅಷ್ಟೇ ಸಾಕು ನಂಗೆ. ಓಡಿ ಬರಬೇಕಾದವರು ನೀವಲ್ಲ," ಎಂದಳು. ನಾನು ಒಲೆಯ ಮುಂದೆ ನಿಂತಿದ್ದೆ, ನನಗೆ ಕೇಳಲಿ ಎಂದು ಅವಳು ಆಡಿದ್ದಲ್ಲ. ಆದರೆ ಅಂದಿನಿಂದ ಆ ಮಾತು ನನ್ನ ಎದೆಯಲ್ಲಿ ಕೊರೆಯುತ್ತಲೇ ಇದೆ. ಗುಂಡ, ನೀನು ಕೆಟ್ಟವನಲ್ಲ. ಅಪ್ಪನಾಗಲು ನಿನಗೆ ಭಯವೋ, ಮನಸ್ಸಿಲ್ಲವೋ, ಅದನ್ನಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಬೇಡ ಎಂದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಈ ನೋಡೋಣ ಎನ್ನುವುದನ್ನೇ ಅವಳಿಂದ ಸಹಿಸಲಾಗಲಿಲ್ಲ.

ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಆರಿಲ್ಲ. ಬಿಸಿಲಿನಲ್ಲಿ ಡೆಕ್ಕಿನ ಮೇಲೆ ಬರಿತಲೆಯಲ್ಲಿ ಓಡಾಡಬೇಡ. ಒದ್ದೆ ಬನಿಯನ್ ಮೈಮೇಲೆ ಒಣಗಿಸಿಕೊಳ್ಳಬೇಡ. ನಿಮ್ಮಪ್ಪನೂ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಫೋನಿನಿಂದ ಕಣ್ಣು ಮಾತ್ರ ತೆಗೆಯುತ್ತಿಲ್ಲ.

ನಿನ್ನ ಕ್ಷೇಮವನ್ನೇ ಬಯಸುವ,
ಅಮ್ಮ

ಕಾಗದ ಮಡಿಸುವಷ್ಟರಲ್ಲಿ ದೀಪ ಆರಿತು, ಇದನ್ನೂ ಓದು. ಆರು ಸಿಕ್ಕಿವೆ, ಐದು ಇಡುವುದಕ್ಕೆ ಯೋಗ್ಯ. ಹುಡುಗಿ ಚೆನ್ನಾಗಿದ್ದಾಳೆ, ಪೂರ್ತಿ ಎಚ್ಚರವಾಗಿ ಎದ್ದು ಕೂತು ಬ್ರೆಡ್ ತಿಂದಳು. ಗಂಡನ ಒಪ್ಪಿಗೆ ಬಂತಾ ಎಂದು ನರ್ಸ್ ಕೊನೆಯ ಸಲ ಕೇಳಿದಳು. ನಿಮ್ಮಪ್ಪ ಫೋನ್ ನೋಡಿ ಇಲ್ಲವೆಂದು ತಲೆಯಾಡಿಸಿದರು. "ಹಾಗೇ ಇಟ್ಬಿಡಿ, ನನ್ನೊಬ್ಬಳ ಹೆಸರಲ್ಲೇ ಇರ್ಲಿ," ಎಂದಳು ಇವಳು. ಅಂದರೆ ಮುಂದೆ ಅವುಗಳಿಗೆ ಅಪ್ಪ ಯಾರು ಎಂದು ತೀರ್ಮಾನಿಸುವವಳು ಅವಳೇ. ನೀನೇ ಆಗಬೇಕೆಂದು ನನ್ನಾಸೆ. ಆದರೆ ನಿನ್ನ ಪರವಾಗಿ ನಾನು ಕೇಳುವುದಿಲ್ಲ. ಬಂದು ನೀನೇ ಕೇಳು.